ಒಡಹುಟ್ಟಿದವರ ಕಲ್ಲು

ಶಿವಲಿಂಗಮ್ಮ ಕ್ರಿಸ್ತನನ್ನು ನಂಬಿದ ವರ್ಷ, ಅವಳಿಗೆ ಯಾರೋ ಒಂದು ಮೂಟೆ ಅಕ್ಕಿ ಕೊಟ್ಟರಂತೆ ಎಂದು ಕುದೂರಿನ ಸುತ್ತಮುತ್ತ ಮಾತಾಡಿಕೊಂಡರು. ನಾನು ಇದನ್ನು ಒಪ್ಪುವುದಿಲ್ಲ. ಅಕ್ಕಿಯನ್ನು ಅವಳು ಆಗಲೂ ಈಗಲೂ ಕೊಳ್ಳುವುದು ನನ್ನ ಅಂಗಡಿಯಲ್ಲಿ. ಅದೂ ಅಂಗೈ ಮೇಲೆ ಹರಡಿಕೊಂಡು, ಕಲ್ಲು ತೋರಿಸಿ, ನುಚ್ಚು ತೋರಿಸಿ, ನಮ್ಮಪ್ಪನ ಕಾಲದಲ್ಲಿ ಇದೇ ಅಂಗಡಿಯಲ್ಲಿ ಎಂಥ ಅಕ್ಕಿ ಸಿಗುತ್ತಿತ್ತು ಎಂದು ಗಿರಾಕಿಗಳ ಮುಂದೆ ನೆನಪಿಸಿ. ಪುಕ್ಕಟೆ ಮೂಟೆ ಮನೆಯಲ್ಲಿಟ್ಟುಕೊಂಡ ಹೆಂಗಸು ಅಷ್ಟು ಚೌಕಾಸಿ ಮಾಡುವುದಿಲ್ಲ.

ನನ್ನದು ಕುದೂರು ಬಸ್ ನಿಲ್ದಾಣದ ಎದುರಿನ ದಿನಸಿ ಅಂಗಡಿ. ದಿನಸಿಯ ಪಕ್ಕದಲ್ಲೇ ತೆಂಗಿನಕಾಯಿ, ಕರ್ಪೂರ. ರಂಜಾನ್ ಬಂದರೆ ಖರ್ಜೂರ. ಡಿಸೆಂಬರ್ ಬಂದರೆ ಕಾಗದದ ನಕ್ಷತ್ರ. ದೇವರುಗಳ ನಡುವೆ ಜಗಳವೇನಾದರೂ ಇದ್ದರೆ ಅದು ನನ್ನ ಗಲ್ಲಾದವರೆಗೆ ಬಂದಿಲ್ಲ. ಶಿವಲಿಂಗಮ್ಮನ ಊರು ಗುಡೇಮಾರನಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಪುಟ್ಟ ಹಳ್ಳಿ. ಗಂಡ ತೀರಿಕೊಂಡ ಮೇಲೆ ಮುತ್ತುಗದ ಊಟದೆಲೆ ಹಚ್ಚಿ, ಕಟ್ಟು ಕಟ್ಟಿ ನನಗೆ ತಂದುಹಾಕುತ್ತಿದ್ದಳು. ಅದರಲ್ಲೇ ಮಗಳು ಭಾನುಪ್ರಿಯಳನ್ನು ಓದಿಸಿ, ಮದುವೆ ಮಾಡಿ ಕನಕಪುರಕ್ಕೆ ಕಳಿಸಿದಳು.

ಅವಳು ಕ್ರಿಸ್ತನ ಹತ್ತಿರ ಹೋದದ್ದು ಫ್ಯಾನಿಗಾಗಿ. ಇದು ಅವಳೇ ಹೇಳಿದ ಮಾತು. ಒಂದು ಬೇಸಿಗೆಯ ಭಾನುವಾರ ಎಲೆ ಹಾಕಿ ಬಸ್ಸಿಗೆ ಕಾಯುತ್ತಿದ್ದಾಗ, ನನ್ನ ಅಂಗಡಿಯ ಹಿಂದೆ ನನ್ನದೇ ಸಿಮೆಂಟ್ ಗೋಡೌನಿನ ಮೇಲಿರುವ ಹಾಲ್‌ನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಮೆಟ್ಟಿಲು ಹತ್ತಿ, ಫ್ಯಾನಿನ ಕೆಳಗೆ ಜಾಗ ನೋಡಿ ಕೂತಳು. ಬಸ್ಸು ಬಂತು, ಹೋಯಿತು, ಇವಳು ಇಳಿಯಲಿಲ್ಲ. ಪಾಪ ಮಾಡಿದವರ ಬದಲಿಗೆ ಇನ್ನೊಬ್ಬ ಶಿಕ್ಷೆ ಹೊತ್ತ ಕಥೆಯನ್ನು ಅಲ್ಲಿ ಹೇಳುತ್ತಿದ್ದರಂತೆ. ಹಾಗೆ ಯಾರಾದರೂ ಹೊರುತ್ತಾರೆಯೇ ಎಂದು ಯೋಚಿಸುತ್ತಾ ಕೂತುಬಿಟ್ಟಳಂತೆ.

ದೀಕ್ಷಾಸ್ನಾನದ ದಿನ ಪಾಸ್ಟರ್ ಅಶ್ವಥ್ ಹೊಸ ಹೆಸರು ಇಟ್ಟುಕೊಳ್ಳಲು ಹೇಳಿದರು. ಸಾರಾ, ಮರಿಯಾ, ಯಾವುದಾದರೂ ಸರಿ ಎಂದರು. ಇವಳು ಬೇಡವೆಂದಳು.

"ನಮ್ಮವ್ವ ಇಟ್ಟಿದ್ದು ಇದು. ಒಳಗೆ ಶಿವ ಇದ್ರೆ ಇರ್ಲಿ ಬುಡಿ. ನಿಮ್ಮೆಸರಲ್ಲಿ ಅರಳಿಮರ ಐತಲ್ಲ ಪಾಸ್ಟ್ರೇ, ಅದನ್ನ ಕಡ್ದಾಕಿದ್ರಾ?"

ಪಾಸ್ಟರ್ ಒಳ್ಳೆಯ ಮನುಷ್ಯ. ನಕ್ಕು ಒಪ್ಪಿಕೊಂಡರು. ಶಿವಲಿಂಗಮ್ಮ ಶಿವಲಿಂಗಮ್ಮನಾಗಿಯೇ ನೀರಿನಲ್ಲಿ ಮುಳುಗಿ ಎದ್ದಳು.

ಅವಳನ್ನು ರೇಗಿಸುವುದು ನನಗೊಂದು ಅಭ್ಯಾಸವಾಗಿತ್ತು. ಒಂದು ಸಲ ಕೇಳಿದೆ: ನಮ್ಮ ದೇವರುಗಳು ಅವತಾರ ಎತ್ತಿದರೆ ರಾಕ್ಷಸರು ಸಾಯುತ್ತಾರೆ, ನಿಮ್ಮವನು ಅವತಾರ ಎತ್ತಿ ತಾನೇ ಸತ್ತನಲ್ಲ, ಇದು ಯಾವ ಸೀಮೆ ಅವತಾರ? ಕ್ಷಮಿಸುವವನು ಮೇಲೆ ಕೂತೇ ಕ್ಷಮಿಸಿದ್ದೇನೆ ಹೋಗಿ ಎನ್ನಬಹುದಿತ್ತು. ಕೊಟ್ಟಿಗೆಯಲ್ಲಿ ಹುಟ್ಟಿ, ಬಡಗಿ ಕೆಲಸ ಮಾಡಿ, ಮರಕ್ಕೆ ಮೊಳೆ ಹೊಡೆಸಿಕೊಳ್ಳುವ ತಾಪತ್ರಯ ಯಾಕೆ ಬೇಕಿತ್ತು? ಅವಳು ಕೇಳಿಕೊಂಡು ಬರುತ್ತೇನೆಂದು ಮೆಟ್ಟಿಲು ಹತ್ತಿದಳು. ದೈವಿಕ ನ್ಯಾಯ, ಮಾನವ ಸ್ವಭಾವ, ಪ್ರಾಯಶ್ಚಿತ್ತ ಎಂದು ಏನೇನೋ ದೊಡ್ಡ ಮಾತು ತಂದಳು. ಹೇಳಿದವಳಿಗೂ ಅರ್ಥವಾಗಲಿಲ್ಲ, ಕೇಳಿದ ನನಗೂ ಆಗಲಿಲ್ಲ. ಇಬ್ಬರೂ ಎಲೆ ವ್ಯಾಪಾರಕ್ಕೆ ಹಿಂತಿರುಗಿದೆವು.

ಇನ್ನು ಅವಳ ತಮ್ಮ ಬಾಲರಾಜುವಿನ ವಿಷಯ. ಇದು ಅವಳು ಕ್ರಿಸ್ತನನ್ನು ನಂಬುವುದಕ್ಕೂ ಹಿಂದಿನದು. ಅವರ ಊರಿನ ಅಮ್ಮನ ಗುಡಿಯಲ್ಲಿ ಹಬ್ಬದ ಅಡುಗೆಗೆಂದು ಒಂದು ತಾಮ್ರದ ಕೊಪ್ಪರಿಗೆ ಇತ್ತು. ಒಂದು ದಿನ ಅದು ಕಾಣೆಯಾಯಿತು. ಬಾಲರಾಜುವಿಗೂ ಪಕ್ಕದ ಹೊಲದ ಲಕ್ಷ್ಮಯ್ಯನಿಗೂ ನೀರಿನ ಸರದಿಯ ವಿಷಯದಲ್ಲಿ ಆಗಲೇ ಮಾತುಕತೆ ನಿಂತಿತ್ತು. ಬಾಲರಾಜು ಗುಡಿಯ ಮುಂದೆ ನಿಂತು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಲಕ್ಷ್ಮಯ್ಯ ಕೊಪ್ಪರಿಗೆ ಹೊತ್ತುಕೊಂಡು ಹೋದದ್ದನ್ನು ಕಣ್ಣಾರೆ ಕಂಡೆನೆಂದು ಆಣೆ ಇಟ್ಟ. ಕರ್ಪೂರ ಆರಿಸಿದ ಮೇಲೆ ಆ ಊರಿನಲ್ಲಿ ಎದುರು ಮಾತಿಲ್ಲ. ಲಕ್ಷ್ಮಯ್ಯನ ಮನೆಗೆ ಹೋಗುವುದು ಬರುವುದು ಎಲ್ಲ ನಿಂತಿತು. ಮುಂದಿನ ಮಳೆಗಾಲದಲ್ಲಿ ಅವನ ತಾಯಿ ಸತ್ತಾಗ ಚಟ್ಟಕ್ಕೆ ಹೆಗಲು ಕೊಡಲು ಊರಿನ ಒಬ್ಬನೂ ಬರಲಿಲ್ಲ. ಮಾಗಡಿಯಿಂದ ಅವನ ಭಾವಮೈದುನರು ಬಂದು ಎತ್ತಿದರು.

ಆಮೇಲೆ ಗುಡಿಯ ಹಿಂದಿನ ಹಾಳುಬಾವಿಯ ಹೂಳು ತೆಗೆಸಿದಾಗ, ಜೆಸಿಬಿಯ ಹಲ್ಲಿಗೆ ಸಿಕ್ಕಿಕೊಂಡು ಕೊಪ್ಪರಿಗೆ ಮೇಲೆ ಬಂತು. ಯಾರೂ ಕದ್ದಿರಲಿಲ್ಲ, ತೊಳೆದು ಬಾವಿಕಟ್ಟೆಯ ಮೇಲೆ ಬೋರಲು ಹಾಕಿದ್ದು ಜಾರಿ ಬಿದ್ದಿತ್ತು. ಊರವರು ಬಾಲರಾಜುವನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ ಅವನು ಬಸ್ಸು ಹತ್ತಿಯಾಗಿತ್ತು. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಯಾವುದೋ ಗೇಟಿನ ವಾಚ್‌ಮನ್ ಆದ. ಊರಿನ ಎಲ್ಲೆಯೊಳಗೆ ಕಾಲಿಡಕೂಡದು ಎಂದು ಊರು ತೀರ್ಮಾನಿಸಿತು.

ಕಳೆದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ನಾಲಿಗೆ ಹೊರಳುವುದಿಲ್ಲ. ಶಿವಲಿಂಗಮ್ಮ ಹೋಗಿ ಕರೆತಂದು ನನ್ನ ಗೋಡೌನಿನ ಮುಂದಿನ ಕೋಣೆಯಲ್ಲಿ ಮಲಗಿಸಿದಳು. ಬಾಡಿಗೆ ತೆಗೆದುಕೊಳ್ಳಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ತೆಗೆದುಕೊಂಡೆ. ಬಾಲರಾಜು ಗೋಡೆಯ ಕಡೆ ತಿರುಗಿ ದಿನವಿಡೀ ಒಂದೇ ಶಬ್ದ ಮಾಡುತ್ತಿದ್ದ. ನನಗೆ ಅದು ಕೆಮ್ಮಿನ ಹಾಗೆ ಕೇಳಿಸಿತು. ಅಕ್ಕನಿಗೆ ಅರ್ಥವಾಯಿತು: "ಊರು." ಅವನಿಗೆ ಸಾಯುವ ಮೊದಲು ಊರಿಗೆ ಹೋಗಬೇಕಿತ್ತು.

ಊರಿಗೆ ಮರಳಲು ದಾರಿ ಒಂದೇ, ತಪ್ಪುಗಲ್ಲು. ಗುಡಿಯ ಪಕ್ಕ ಒರಗಿಸಿಟ್ಟಿರುವ ಚಪ್ಪಡಿ ಅದು. ಆಣೆ ತಪ್ಪಿದವನು ಒದ್ದೆ ಬಟ್ಟೆಯಲ್ಲಿ ಅದನ್ನು ತಲೆ ಮೇಲೆ ಹೊತ್ತು ಗುಡಿ ಸುತ್ತಬೇಕು. ಸುತ್ತು ಮುಗಿದ ಮೇಲೆ, ಯಾರಿಗೆ ಅನ್ಯಾಯವಾಗಿದೆಯೋ ಅವರೇ ಬಂದು ಕಲ್ಲು ಇಳಿಸಬೇಕು. ಅವರು ಇಳಿಸುವವರೆಗೆ ಹೊತ್ತವನು ನಿಂತಿರಬೇಕು. ತಪ್ಪು ಮಾಡಿದವನಿಗೆ ಹೊರಲಾಗದಿದ್ದರೆ ಅವನ ಬದಲು ಹೊರಲು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ ಹಕ್ಕು. ಹೆಂಡತಿ ಆಗುವುದಿಲ್ಲ. ಮಗನೂ ಆಗುವುದಿಲ್ಲ, ಅವನು ಬೇರೆ ಹೊಟ್ಟೆ. ಬಾಲರಾಜುವಿಗೆ ಒಡಹುಟ್ಟಿದವಳು ಶಿವಲಿಂಗಮ್ಮ ಒಬ್ಬಳೇ.

ಅವಳು ಹೋಗಿ ನಾನು ಹೊರುತ್ತೇನೆಂದಾಗ ಊರಿನ ಹಿರಿಯ ಬೋರಲಿಂಗಯ್ಯ ಆಗದು ಎಂದ. ತಮ್ಮನ ಆರೈಕೆಯ ನಡುವೆ ಅವಳು ತರಲಾಗದ ಎಲೆ ಕಟ್ಟು ತರಲು ಹೋಗಿದ್ದ ನಾನೂ ಆ ದಿನ ಅರಳಿಕಟ್ಟೆಯ ಕೆಳಗಿದ್ದೆ.

"ಅಮ್ಮನ್ನ ಬುಟ್ಟೋದೋಳು ನೀನು. ಅಮ್ಮನ ಕಲ್ಲು ನೀನು ಮುಟ್ಟಂಗಿಲ್ಲ ಕಣಮ್ಮ" ಎಂದ ಬೋರಲಿಂಗಯ್ಯ.

"ಕಲ್ಲು ಹೊರಕ್ಕೆ ಯಾವ ದೇವ್ರು ಅಂತ ಕೇಳ್ತೀರೋ, ಯಾವ ಹೊಟ್ಟೆ ಅಂತ ಕೇಳ್ತೀರೋ?"

"ಹೊಟ್ಟೆ. ಆದ್ರೂವೆ—"

"ಆದ್ರೂ ಗೀದ್ರೂ ಏನಿಲ್ಲ ಬೋರಲಿಂಗಣ್ಣ. ನಾನು ದೇವ್ರ ಬದಲಾಯ್ಸಿವ್ನಿ, ಅವ್ವನ ಬದಲಾಯ್ಸಿಲ್ಲ."

ಬೋರಲಿಂಗಯ್ಯ ಕಟ್ಟಳೆಯ ಮನುಷ್ಯ. ಕಟ್ಟಳೆಯೇ ತನ್ನ ಮೇಲೆ ತಿರುಗಿಬಿದ್ದಾಗ ಅವನ ಮುಖ ನೋಡುವಂತಿತ್ತು; ಮಾಲು ತಾನೇ ತೂಕ ಮಾಡಿಕೊಟ್ಟು, ಆಮೇಲೆ ಜಾಸ್ತಿ ಹೋಯಿತಲ್ಲ ಎಂದು ಲೆಕ್ಕ ಹಾಕುವವರ ಮುಖ ಹಾಗಿರುತ್ತದೆ. ಆಗಲಿ, ಶುಕ್ರವಾರ ಬಾ ಎಂದ.

ಊರನ್ನು ಗೆದ್ದವಳು ನನ್ನ ಜೊತೆ ಕುದೂರಿಗೆ ಬಂದಿಳಿದರೆ ಪಾಸ್ಟರ್ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದರು. ಸುದ್ದಿ ಬಸ್ಸಿಗಿಂತ ಮುಂಚೆ ತಲುಪಿತ್ತು. ಅವರಿಗೆ ವಿಗ್ರಹಕ್ಕೆ ಸುತ್ತು ಬರುವುದಷ್ಟೇ ತೊಂದರೆಯಾಗಿರಲಿಲ್ಲ. ಅವರ ನೋವು ಇನ್ನೂ ಆಳದ್ದು.

"ಅಕ್ಕಾ, ಯೇಸಪ್ಪ ಎಲ್ಲಾನೂ ಹೊತ್ತಾಯ್ತು. ನೀವು ಮತ್ತೆ ಹೊರ್ತೀರ ಅಂದ್ರೆ ಅವರು ಹೊತ್ತದ್ದು ಸಾಲದೇ ಹೋಯ್ತು ಅಂದಂಗೆ ಆಗಲ್ವ?"

ಶಿವಲಿಂಗಮ್ಮ ಕೈಯಲ್ಲಿದ್ದ ಚೀಲವನ್ನು ಮೆಟ್ಟಿಲ ಮೇಲಿಟ್ಟಳು. ಈ ಪ್ರಶ್ನೆ ಅವಳನ್ನು ತಟ್ಟಿತೆಂದು ನನಗೆ ಕಂಡಿತು.

"ದೇವ್ರ ಹತ್ರ ತೀರೈತೆ ಪಾಸ್ಟ್ರೇ, ಅದ್ನ ನಾನು ನಂಬಿವ್ನಿ. ಲಕ್ಷ್ಮಯ್ಯನ ಹತ್ರ ತೀರಿಲ್ಲ. ಅವರವ್ವನ ಹೆಣ ಎತ್ತಕ್ಕೆ ನಾನೂ ಹೋಗಿರ್ಲಿಲ್ಲ."

ಹೋದರೆ, ಯೇಸುವಿನ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ಪ್ರಭುವಿನ ಭೋಜನದಲ್ಲಿ ನಿಮಗೆ ರೊಟ್ಟಿ ಕೊಡಲು ನನಗೆ ಕಷ್ಟವಾಗುತ್ತದೆ ಎಂದು ಪಾಸ್ಟರ್ ಮೆಲ್ಲಗೆ ಹೇಳಿದರು. ಹೆದರಿಸಲು ಹೇಳಿದ ಹಾಗಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಇವಳು ತಲೆಯಾಡಿಸಿ ನನ್ನ ಅಂಗಡಿಗೆ ಬಂದು ಸೋಪು ಕೇಳಿದಳು. ನಾನು ಸೋಪು ಕೊಡುತ್ತಾ, ನಿಮ್ಮ ದೇವರು ಈಗ ಯಾರ ಕಡೆ ಎಂದೆ. ಅಭ್ಯಾಸ, ಬಾಯಿ ತಡೆಯಲಿಲ್ಲ.

"ಮೇಲೆ ಕೂತ್ಕಂಡೇ ಯಾಕೆ ಕ್ಷಮಿಸ್ಲಿಲ್ಲ ಅಂತ ಕೇಳ್ತಿದ್ದಲ್ಲ ನೀನು" ಎಂದಳು. "ದೂರದೋರು ಹೊರಂಗಿಲ್ಲ ಕಣಪ್ಪ. ಹೊರಬೇಕು ಅಂದ್ರೆ ಒಡಹುಟ್ಬೇಕು. ಅದ್ಕೇ ಹುಟ್ದ. ಪಾಸ್ಟ್ರು ಇದನ್ನ ಹಿಂಗೆ ಹೇಳಿದ್ರೆ ಅವತ್ತೇ ತಿಳಿಯೋದು."

ಬೆಲ್ಲ ಕೇಳಲು ಇನ್ನೊಬ್ಬ ಗಿರಾಕಿ ಬಂದ, ಆ ಕಡೆ ಹೋದೆ.

ಶುಕ್ರವಾರ ನಮ್ಮ ನಿಲ್ದಾಣದ ಓವೈಸ್‌ನ ಆಟೋದಲ್ಲಿ ಬಾಲರಾಜುವನ್ನು ಒರಗಿಸಿಕೊಂಡು ಹೊರಟೆವು. ಆಟೋ ಊರಿನ ಎಲ್ಲೆಯಲ್ಲಿ, ಹುಣಸೆಮರದ ಕೆಳಗೆ ನಿಂತಿತು. ಕಲ್ಲು ಇಳಿಯುವವರೆಗೆ ಅವನು ಒಳಗೆ ಬರುವಂತಿಲ್ಲ. ಅಲ್ಲಿಂದ ಗುಡಿಯ ಮುಂದಿನ ಬಯಲು ಕಾಣುತ್ತಿತ್ತು. ಶಿವಲಿಂಗಮ್ಮ ಇಳಿದು, ಹಿಂತಿರುಗಿ ನೋಡದೆ ನಡೆದಳು. ನಾನು ಹಿಂದೆ ಹೋದೆ.

ಒಂದು ಕೊಡ ನೀರು ತಲೆ ಮೇಲೆ ಸುರಿದುಕೊಂಡಳು. ಸೆರಗನ್ನು ಸಿಂಬೆ ಸುತ್ತಿಕೊಂಡಳು. ಇಬ್ಬರು ಗಂಡಸರು ಕಲ್ಲೆತ್ತಿ ಇಟ್ಟಾಗ ಅವಳ ಮೊಣಕಾಲು ಒಂದು ಸಲ ಬಾಗಿ ನಿಂತಿತು. ಊರೆಲ್ಲ ಸೇರಿತ್ತು. ಅರ್ಧ ಜನ ಅವಳು ಬೀಳುತ್ತಾಳೆಂದು ಬಂದವರು, ಇನ್ನರ್ಧ ಬೀಳದಿದ್ದರೆ ಏನು ಮಾಡುವುದೆಂದು ಬಂದವರು. ಸುತ್ತು ಬರುವಾಗ ಅವಳ ತುಟಿ ಆಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೋ ಯಾರೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಭಯವಿತ್ತು.

ಸುತ್ತು ಮುಗಿಯಿತು. ಈಗ ಗುಡಿಯ ಬಾಗಿಲಿಗೆ ಮುಖ ಮಾಡಿ, "ತಪ್ಪಾಯ್ತು ತಾಯಿ" ಎನ್ನಬೇಕು. ಶಿವಲಿಂಗಮ್ಮ ಕಲ್ಲು ಹೊತ್ತೇ ಮೆಲ್ಲಗೆ ಆ ಕಡೆಯಿಂದ ತಿರುಗಿದಳು. ತಿರುಗಿ, ಜಗಲಿಯ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಲಕ್ಷ್ಮಯ್ಯನ ಎದುರು ನಿಂತಳು.

"ತಪ್ಪಾಯ್ತು ಲಕ್ಷ್ಮಯ್ಯಣ್ಣ."

ಬೋರಲಿಂಗಯ್ಯ ಆ ಕಡೆ ಅಲ್ಲ, ಈ ಕಡೆ ಎಂದು ಕೈ ಮಾಡಿದ. ಅವಳು ಅಲುಗಲಿಲ್ಲ.

"ಆಣೆ ಅಲ್ಲಿ ಇಟ್ಟಿದ್ದು, ನಿಜ. ಬಿದ್ದಿದ್ದು ಇವನ ಮ್ಯಾಲೆ."

ಎಲ್ಲರೂ ಲಕ್ಷ್ಮಯ್ಯನ ಕಡೆ ನೋಡಿದರು. ಲಕ್ಷ್ಮಯ್ಯ ಬರಲಿಲ್ಲ. ಕಟ್ಟಿದ ಕೈ ಬಿಚ್ಚಲಿಲ್ಲ. ಬಿಸಿಲು ಜಗಲಿಯಿಂದ ಇಳಿದು ಅವಳ ಕಾಲಿಗೆ ಬಂತು. ಒದ್ದೆ ಸೀರೆ ಆರತೊಡಗಿತು. ಕುತ್ತಿಗೆಯ ನರ ಹುರಿಗೊಂಡು ಎದ್ದು ನಿಂತಿತ್ತು. ಬೋರಲಿಂಗಯ್ಯನಿಗೇ ನೋಡಲಾಗದೆ, ಸಾಕು, ಹೊತ್ತಾಯ್ತಲ್ಲ, ನಾವೇ ಇಳಿಸುತ್ತೇವೆ ಎಂದ. ಇಬ್ಬರು ಮುಂದೆ ಬಂದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಮುಟ್ಬ್ಯಾಡಿ. ಇಳ್ಸೋನು ಅಲ್ಲಿ ನಿಂತವ್ನೆ."

ಆಗ ಲಕ್ಷ್ಮಯ್ಯ ಮಾತಾಡಿದ. ಅವನ ದನಿಯನ್ನು ಆ ಬಯಲಿನಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ.

"ಇಳ್ಸಾಕು ಶಿವಲಿಂಗಿ. ನೀನೇನೂ ಮಾಡಿಲ್ಲ."

"ಮಾಡಿಲ್ಲ ಅಂತ್ಲೇ ಹೊತ್ತಿರೋದು. ಮಾಡ್ದೋನಿಗೆ ಹೊರಕ್ಕಾಗಕಿಲ್ಲ."

"ನಾನು ಇಳ್ಸಕಿಲ್ಲ ಅಂದ್ರೆ?"

"ನಿಂತಿರ್ತೀನಿ."

ಲಕ್ಷ್ಮಯ್ಯ ಹುಣಸೆಮರದ ಕಡೆ ನೋಡಿದ. ಆಟೋದಿಂದ ಬಾಲರಾಜುವಿನ ಎಡಗೈ ಹೊರಗೆ ಬಂದು ಕಂಬಿಯನ್ನು ಹಿಡಿದುಕೊಂಡಿತ್ತು. ಇಳಿಯಲು ಹೆಣಗುತ್ತಿದ್ದ, ಓವೈಸ್ ತಡೆಯುತ್ತಿದ್ದ. ಲಕ್ಷ್ಮಯ್ಯ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಜಗಲಿಯಿಂದ ಇಳಿದು ಬಂದು, ಕಲ್ಲಿಗೆ ಎರಡೂ ಕೈ ಕೊಟ್ಟ. ಒಬ್ಬನಿಗೇ ಆಗುವ ಭಾರವಲ್ಲ ಅದು. ಅವಳು ಕೆಳಗಿನಿಂದ ಆಸರೆ ಕೊಟ್ಟಳು. ಇಬ್ಬರೂ ಸೇರಿ ನೆಲಕ್ಕಿಟ್ಟರು.

"ಇಳ್ಸಿವ್ನಿ. ಮರ್ತಿಲ್ಲ" ಎಂದ ಲಕ್ಷ್ಮಯ್ಯ.

"ಮರೀ ಅಂತ ಯಾರಂದ್ರು" ಎಂದಳು ಅವಳು, ಕುತ್ತಿಗೆ ತಿರುಗಿಸಲಾಗದೆ ನೆಟ್ಟಗೆ ನೋಡುತ್ತಾ.

ಓವೈಸ್‌ಗೆ ಕೈ ಮಾಡಿದಳು. ಆಟೋ ಎಲ್ಲೆ ದಾಟಿ ಒಳಗೆ ಬಂತು. ಬಾಲರಾಜು ಈಗ ಅಕ್ಕನ ಮನೆಯ ಪಡಸಾಲೆಯಲ್ಲಿದ್ದಾನೆ. ಮುದ್ದೆ ಗಟ್ಟಿಯಾಯಿತು, ಸಾರು ನೀರಾಯಿತು ಎಂದು ಆ ಒಂದೇ ಶಬ್ದದಲ್ಲಿ ದೂರುತ್ತಾನೆ. ಲಕ್ಷ್ಮಯ್ಯ ಆ ಬೀದಿಯಲ್ಲಿ ಹೋಗುವಾಗ ಒಳಗೆ ಬರುವುದಿಲ್ಲ. ಆದರೆ ಬೀದಿ ಬದಲಾಯಿಸುವುದನ್ನು ಬಿಟ್ಟಿದ್ದಾನೆ.

ಆ ಭಾನುವಾರ ಶಿವಲಿಂಗಮ್ಮ ಎಂದಿನಂತೆ ಕುದೂರಿಗೆ ಬಂದು, ನನಗೆ ಎಲೆ ಹಾಕಿ, ಕುತ್ತಿಗೆಗೆ ಟವೆಲ್ ಸುತ್ತಿಕೊಂಡೇ ಮೆಟ್ಟಿಲು ಹತ್ತಿದಳು. ಬೇರೆ ಪೂಜೆಯಲ್ಲಿ ಭಾಗವಹಿಸಿದವರು ಈ ದಿನ ದಯವಿಟ್ಟು ಹಿಂದೆ ನಿಲ್ಲಬೇಕು ಎಂದು ಪಾಸ್ಟರ್ ರೊಟ್ಟಿ ಹಂಚುವ ಮೊದಲು, ಯಾರ ಹೆಸರನ್ನೂ ಹೇಳದೆ ಹೇಳಿದರು. ಅವಳು ಮುಂದಿನ ಸಾಲಿಗೆ ಹೋಗಿ ಚಾಪೆಯ ಮೇಲೆ ಕೂತಳಂತೆ. ಅವಳು ಹೇಳಿದ ಮಾತು ಮೈಕಿಗೆ ಸಿಕ್ಕಿ ಕೆಳಗೆ ನನ್ನ ಅಂಗಡಿಯವರೆಗೂ ಬಂತು.

"ನಿಂತಿದ್ದು ಸಾಕಾಗೈತೆ ಪಾಸ್ಟ್ರೇ. ಇವತ್ತು ಕೂತ್ಕತೀನಿ."