ಬೆಂಕಿಪೊಟ್ಟಣದ ಮನೆಗಳು

ಭೂಗೋಳದ ಪಠ್ಯಪುಸ್ತಕ ತೆರೆದರೆ ನನಗೆ ಮೈ ಉರಿಯುತ್ತಿತ್ತು. ಕೆ.ಆರ್. ಪುರದ ನನ್ನ ಶಾಲೆಯ ಮಕ್ಕಳಿಗೆ ನೈಲ್ ನದಿ ಹರಿಯುವ ದಿಕ್ಕು ಬಾಯಿಪಾಠ, ತಮ್ಮ ಬೀದಿಯ ನೀರು ಎತ್ತ ಹೋಗುತ್ತದೆಂದು ಗೊತ್ತಿಲ್ಲ. ಅದಕ್ಕೇ ಏಳನೇ ತರಗತಿಯವರಿಂದ ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ನಮ್ಮ ಬಡಾವಣೆಯನ್ನೇ ಮಾಡಿಸಿದೆ. ದಿಣ್ಣೆ, ರಾಜಕಾಲುವೆ, ಮುಚ್ಚಿಹೋದ ಕೆರೆಯ ತಗ್ಗು ಎಲ್ಲವೂ ಇದ್ದವು. ಒಬ್ಬೊಬ್ಬರೂ ತಮ್ಮ ಮನೆಯ ಜಾಗದಲ್ಲಿ ಖಾಲಿ ಬೆಂಕಿಪೊಟ್ಟಣ ಇಟ್ಟರು. ನಾನು ದಿಣ್ಣೆಯ ಮೇಲಿಂದ ಒಂದು ಚೊಂಬು ನೀರು ಸುರಿದೆ.

ನೀರು ಕೆರೆಯ ಜಾಗ ಹುಡುಕಿಕೊಂಡು ಹೋಗಿ ನಿಂತಿತು. ಅಲ್ಲಿದ್ದ ಒಂದೇ ಒಂದು ಪೊಟ್ಟಣ ತೇಲಿತು. ಇಡೀ ಕ್ಲಾಸು ನಕ್ಕಿತು. ಪಾಠ ಇಷ್ಟು ಚೆನ್ನಾಗಿ ತಲೆಗೆ ಹೋಯಿತಲ್ಲ ಎಂದು ನಾನೂ ನಕ್ಕೆ. ಆ ಪೊಟ್ಟಣ ಇಟ್ಟಿದ್ದ ಹುಡುಗಿ ಮಾತ್ರ ನೀರನ್ನೇ ನೋಡುತ್ತಿದ್ದಳು.

ಮುಂದಿನ ವಾರ ಅವಳ ತಂದೆ ಶಾಲೆಗೆ ಬಂದರು. ದೂರು ಹೇಳಲು ಬಂದಿದ್ದಾರೆಂದುಕೊಂಡು, ಇದ್ದದ್ದನ್ನು ತೋರಿಸಿದ್ದು ತಪ್ಪೇ ಎಂದು ನಾನು ಬಿಗುವಾಗಿಯೇ ಕೇಳಿದೆ.

"ಮನೆ ಕೆರೇಲಿದೆ ಅಂತ ನಮ್ಗೆ ಗೊತ್ತಿತ್ತು ಮೇಡಂ. ಅವ್ಳಿಗೆ ಗೊತ್ತಿರ್ಲಿಲ್ಲ. ಈಗ ಮೋಡ ಆದ್ರೆ ಸಾಕು, ಶೂ ಹಾಕ್ಕೊಂಡು, ಬ್ಯಾಗ್ ತಗೊಂಡು ಬಾಗ್ಲಲ್ಲಿ ಕೂತ್ಬಿಡ್ತಾಳೆ. ಎಲ್ಲಿಗೆ ಹೋಗ್ಬೇಕು ಅನ್ನೋದನ್ನೂ ನೀವೇ ಹೇಳ್ಕೊಟ್ಬಿಡಿ."