ಒಂದು ಕಿವಿಯ ಪಾಠ

ಅಪ್ಪನಿಗೆ ಫೋನಿನ ಮೇಲೆ ಸಂಶಯ ಹುಟ್ಟಿದ್ದು ಹುಮನಾಬಾದಿನ ಕುರಿ ಸಂತೆಯಲ್ಲಿ. ಪಾಠ ಪಾಠ ಎನ್ನುತ್ತ ಫೋನು ಹಿಡಿದು ಕೂಡುತ್ತಿದ್ದ ಒಬ್ಬ ಹುಡುಗಿ ಯಾರ ಜೊತೆಗೋ ಓಡಿಹೋದಳೆಂದು ಅಲ್ಲಿ ಯಾರೋ ಹೇಳಿದ್ದರಂತೆ. ಓಡಿಹೋದವಳು ಅವಳು, ಶಿಕ್ಷೆ ನನಗೆ. ಅಂದಿನಿಂದ ಮುಡಬಿಯ ನಮ್ಮ ಮನೆಯಲ್ಲಿ ಪಾಠದ ವಿಡಿಯೋವನ್ನು ಅಂಗಳದಲ್ಲೇ ಕುಳಿತು, ಎಲ್ಲರಿಗೂ ಕೇಳುವಂತೆ ಹಾಕಬೇಕಾಯಿತು. ಕೆಟ್ಟದ್ದೇನಾದರೂ ಕಿವಿಗೆ ಬಿದ್ದರೆ ನನ್ನ ಹತ್ತನೆಯ ತರಗತಿ ಅಲ್ಲಿಗೇ ಮುಗಿಯಿತು ಎಂದು ಅಪ್ಪ ಹೇಳಿದ್ದ.

ಅಪ್ಪ ಪಕ್ಕದಲ್ಲೇ ಕುಳಿತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ. ವಿಡಿಯೋದ ಮಾಸ್ತರು ಗಣಿತ ಹೇಳುತ್ತ ಸ್ವಲ್ಪ ನಕ್ಕರೂ ಕೈ ನಿಲ್ಲಿಸುತ್ತಿದ್ದ.

"ಇಂವ ಯಾಕ ನಗಾಕತ್ತಾನ?"

ನನಗೇನು ಗೊತ್ತು? ಲೆಕ್ಕ ತಲೆಗೆ ಹತ್ತದೆ ಮೈಯೆಲ್ಲ ಉರಿಯುತ್ತಿತ್ತು.

ಬಸವಕಲ್ಯಾಣದ ಸಾಲೆಯಲ್ಲಿ ವಿಜ್ಞಾನದ ಮೇಡಂ ಇದಕ್ಕೆ ತದ್ವಿರುದ್ಧ. ಅರ್ಧ ಪಾಠ ಅವರು ಫೋನಿಗೇ ಕಳಿಸುತ್ತಿದ್ದರು. ಸಂತಾನೋತ್ಪತ್ತಿಯ ಪಾಠವನ್ನು ನೋಡದೆ ಉಳಿದವಳು ನಾನೊಬ್ಬಳೇ. ಅಪ್ಪನ ಎದುರು ಹೇಗೆ ಹಾಕಲಿ? ಹಾಗೆಂದು ಹೇಳಿದರೆ ಮೇಡಂ ನಂಬಲಿಲ್ಲ. ರೀಲ್ಸ್ ನೋಡಲು ನಿನಗೆ ವೇಳೆ ಸಿಗುತ್ತದೆ ಎಂದರು. ನಾಳೆ ಉತ್ತರ ಹೇಳದಿದ್ದರೆ ಅಪ್ಪನನ್ನು ಕರೆದುಕೊಂಡು ಬಾ ಎಂದರು.

ಸಂಜೆ ಅಂಗಳದಲ್ಲಿ ದನಿ ಇಳಿಸಿ ಆ ವಿಡಿಯೋ ಹಾಕಿದೆ. ಅಪ್ಪ ದನಿ ಏರಿಸಲು ಹೇಳಿದ. ಏರಿಸಿದೆ. ಅದರಲ್ಲಿನ ಮಾಸ್ತರು ಗಂಡು ಹೆಣ್ಣಿನ ಅಂಗಗಳ ಹೆಸರನ್ನು ಒಂದೊಂದಾಗಿ, ಸ್ಪಷ್ಟವಾಗಿ ಹೇಳತೊಡಗಿದರು. ಅವ್ವ ಎದ್ದು ಒಳಗೆ ಹೋದಳು. ಕದಿರು ನಿಂತಿತು. ನಾನು ತಲೆ ಎತ್ತಲಿಲ್ಲ. ಪಾಠ ಮುಗಿದ ಮೇಲೆ ಅಪ್ಪ ಫೋನನ್ನು ಕಿಸೆಗೆ ಹಾಕಿಕೊಂಡು ಕುರಿ ದೊಡ್ಡಿಯ ಕಡೆ ಹೋದ.

ಮರುದಿನ ಎಲ್ಲ ಉತ್ತರ ಸರಿ ಹೇಳಿದೆ. ಮೇಡಂ ಶಾಬಾಸ್ ಅಂದರು. ಇದೇ ನನ್ನ ಕೊನೆಯ ಪಾಠ ಎಂದು ನನಗೆ ಖಾತ್ರಿಯಾಗಿತ್ತು, ಅಳು ಬಂತು.

ಅಂದು ಅಪ್ಪ ಹುಮನಾಬಾದಿಗೆ ಹೋಗಿದ್ದ. ಬರುವಾಗ ಕಿವಿಗೆ ಹಾಕಿಕೊಳ್ಳುವ ಕರಿ ವೈರು ತಂದಿದ್ದ. ನಾನು ಕೈ ಚಾಚುವಷ್ಟರಲ್ಲಿ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತೆಗೆದು ಅದರ ಒಂದು ಕಿವಿಯ ಎಳೆಯನ್ನು ಕಚ್ಚನೆ ಕತ್ತರಿಸಿಬಿಟ್ಟ.

"ಒಂದ್ ಕಿವಿ ಸಾಲಿಗಿ, ಒಂದ್ ಕಿವಿ ಮನಿಗಿ."

ಹೊಸ ವೈರು! ಸಿಟ್ಟಿನಿಂದ ಅಂದು ಉಣ್ಣಲೂ ಇಲ್ಲ.

ಆಮೇಲೆ ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ದೂರ ಕೂಡತೊಡಗಿದ. ಆದರೆ ಪಾಠದ ನಡುವೆ "ಯವ್ವಾ" ಎಂದು ನನ್ನನ್ನು ಕರೆಯುತ್ತಿದ್ದ. ಏನೆಂದು ಕೇಳಿದರೆ ಏನಿಲ್ಲ ಅನ್ನುತ್ತಿದ್ದ. ಪರೀಕ್ಷೆ ಮಾಡುತ್ತಾನೆ, ಇನ್ನೂ ನಂಬಿಲ್ಲ ಎಂದುಕೊಂಡು ಹಲ್ಲು ಕಚ್ಚಿ ಓಗೊಡುತ್ತಿದ್ದೆ.

ಈಗ ಹುಮನಾಬಾದಿನ ಹಾಸ್ಟೆಲಿನಲ್ಲಿದ್ದೇನೆ, ಡಿಗ್ರಿ ಓದುತ್ತಿದ್ದೇನೆ. ವೈರಿಲ್ಲದ ಒಳ್ಳೆಯ ಇಯರ್‌ಫೋನ್ ಕೊಂಡಿದ್ದೇನೆ, ಎರಡೂ ಚೆನ್ನಾಗಿವೆ. ಪಾಠ ಕೇಳುವಾಗ ಬಲಗಿವಿಗೆ ಮಾತ್ರ ಹಾಕಿಕೊಳ್ಳುತ್ತೇನೆ. ತೆರೆದಿಟ್ಟ ಎಡಗಿವಿಗೆ ಯಾರೂ "ಯವ್ವಾ" ಎಂದು ಕರೆಯುವುದಿಲ್ಲ.