ಏಳನೇ ತರಗತಿಯ ಏಕೈಕ ವಿದ್ಯಾರ್ಥಿ

ಆ ಪುಟ್ಟ ಖಾಸಗಿ ಕಾಲೇಜಿನಲ್ಲಿ ಶಿಕ್ಷಕರನ್ನು ತಯಾರು ಮಾಡಲು ಎಲ್ಲವೂ ಇತ್ತು, ಪಾಠ ಕೇಳುವ ಮಕ್ಕಳನ್ನು ಬಿಟ್ಟು. ಎದುರಿನ ಶಾಲೆಯವರು "ನಮ್ಮ ಮಕ್ಕಳ ಮೇಲೆ ಕೈ ಪಳಗಿಸ್ಕೊಂಡಿದ್ದು ಸಾಕು" ಎಂದು ಕೈ ಮುಗಿದ ಮೇಲೆ ಪ್ರಿನ್ಸಿಪಾಲರು ಗಂಟೆ ಹೊಡೆಯುವ ಜವಾನನನ್ನೇ ಬೆಂಚಿನ ಮೇಲೆ ಕೂರಿಸಿದರು. ಅಂದಿನಿಂದ ಇಪ್ಪತ್ತೆರಡು ವರ್ಷ ಅವನು ಏಳನೇ ತರಗತಿ. ತಲೆ ನರೆತರೂ ಹಾಜರಿ ಪುಸ್ತಕ ಹಾಗೇ ಹೇಳುತ್ತಿತ್ತು, ಪುಸ್ತಕದ ಮಾತಿಗೆ ಎದುರುಂಟೇ?

ಕೆಲಸವೇನೂ ಸಲೀಸಲ್ಲ. ಪಾಠಯೋಜನೆಯಲ್ಲಿ "ವಿದ್ಯಾರ್ಥಿ ತಪ್ಪು ಹೇಳುತ್ತಾನೆ, ಶಿಕ್ಷಕರು ತಿದ್ದುತ್ತಾರೆ" ಎಂದಿರುತ್ತಿತ್ತು. ಅರ್ಧಕ್ಕೆ ಮೂರರಲ್ಲೊಂದು ಭಾಗ ಕೂಡಿಸಿದರೆ ಎಷ್ಟು ಎಂದರೆ, ತಲೆ ಕೆರೆದು, ಸೂರು ನೋಡಿ, "ಐದರಲ್ಲಿ ಎರಡು" ಎನ್ನಬೇಕು. ನಾನೂರು ಜನ ಅವನನ್ನು ತಿದ್ದಿ ಮೇಷ್ಟರಾಗಿ ಹೋಗಿದ್ದರು. ಸರಿಯುತ್ತರ ಮಾತ್ರ ಪಾಪ, ಅವನ ಗಂಟಲಲ್ಲೇ ಉಳಿದಿತ್ತು.

ಈ ಸಲ ಕಲಿಸಲು ನಿಂತವಳು ಅವನ ಸ್ವಂತ ಮಗಳು. ಹೋದ ವರ್ಷ ಇದೇ ಪಾಠ ಹೇಳುವ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಇವತ್ತೂ ಹೋದರೆ ಕಾಲೇಜಿನಿಂದಲೇ ಹೊರಗೆ. ಹಿಂದಿನ ಬೆಂಚಿನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪೆನ್ನು ಬಿಚ್ಚಿ ಕೂತಿದ್ದರು.

ಅದೇ ಪ್ರಶ್ನೆ ಬಂತು. ಅವನು ತಲೆ ಕೆರೆದ, ಸೂರು ನೋಡಿದ.

"ಐದರಲ್ಲಿ ಎರಡು, ಟೀಚರ್."

ಪರೀಕ್ಷಕರ ಪೆನ್ನು ನೋಡಿದ ಗಾಬರಿಗೆ ಮಗಳು ತಿದ್ದುವುದನ್ನೇ ಮರೆತಳು. "ಸರಿ," ಎಂದಳು, "ಕೂತ್ಕೋ."

ಪರೀಕ್ಷಕರ ಪೆನ್ನು ಕಾಗದ ಮುಟ್ಟಿತು. ಇಪ್ಪತ್ತೆರಡು ವರ್ಷದ ದಡ್ಡತನ ಹಾಳಾಗಿ ಹೋಗಲಿ ಎಂದು ಅವನು ಎದ್ದು ನಿಂತ.

"ಟೀಚರ್, ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ? ಆರರಲ್ಲಿ ಐದು ಅಲ್ವಾ?"

ಮಗಳು ಅವನನ್ನೇ ನೋಡಿದಳು. ಸೀಮೆಸುಣ್ಣವನ್ನು ಅವನ ಕಡೆ ಚಾಚಿದಳು. "ಅದು ನಿನ್ನ ಬಾಯಿಂದಲೇ ಬರ್ಲಿ ಅಂತ ಕಾದಿದ್ದೆ. ಹೇಗೆ ಬಂತು ಅಂತ ಬೋರ್ಡಿನ ಮೇಲೆ ಮಾಡಿ ತೋರಿಸು."

ಪರೀಕ್ಷಕರಿಗೆ ಹಿಗ್ಗೋ ಹಿಗ್ಗು. ಮಗಳಿಗೆ ಪೂರ್ತಿ ಅಂಕ ಕೊಟ್ಟರು. ಅಷ್ಟಕ್ಕೇ ಬಿಡದೆ ಹಾಜರಿ ಪುಸ್ತಕ ತರಿಸಿ, "ವಿದ್ಯಾರ್ಥಿ ತೇರ್ಗಡೆ, ಎಂಟನೇ ತರಗತಿಗೆ ಕಳಿಸಿ" ಎಂದು ಬರೆದು ಸಹಿ ಜಡಿದು ಹೋದರು. ಕಾಲೇಜಿನಲ್ಲಿ ಎಂಟನೇ ತರಗತಿಯೇ ಇರಲಿಲ್ಲ.

ಪ್ರಿನ್ಸಿಪಾಲರು ತಲೆ ಮೇಲೆ ಕೈ ಹೊತ್ತು ಕೂತರು. "ಏನಯ್ಯಾ ಮಾಡಿಟ್ಟೆ! ನಾನೂರು ಜನ ತಲೆಕೆಳಗಾಗಿ ನಿಂತು ಕಲಿಸಿದ್ರೂ ಕಲೀಲಿಲ್ಲ. ಈಗ ಯಾಕೆ ಕಲಿತೆ?"

ಅವನಿಗೆ ಕಣ್ಣು ತುಂಬಿ ಬಂತು, ನಗು ತಡೆಯಲಾಗಲಿಲ್ಲ.

"ನಾನೇನ್ ಮಾಡ್ಲಿ ಸಾರ್? ನನ್ನ ಮಗಳು ಕಲಿಸಿಬಿಟ್ಲು."